ಟಿಪ್ಪುವಿಗೆ ಬಂದ ಫ್ರೆಂಚ್ ಸೈನ್ಯ ಎಷ್ಟು?

ಟಿಪ್ಪು ಸುಲ್ತಾನನಿಗೆ ಫ್ರೆಂಚ್ ಸರಕಾರ ಒಳಗಿಂದೊಳಗೇ ದೊಡ್ಡ ಸೈನ್ಯ ಕೊಟ್ಟಿತ್ತು ಅನ್ನೋ ಮಾತು ಹಳೆಯದು. ಅದರಲ್ಲಿ ನಿಜವೆಷ್ಟು?

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, 1782ರಲ್ಲಿ ಹೈದರಾಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ. ಅಪ್ಪ ಸೋದೆ ಅರಸರಿಂದ ಗೆದ್ದ ನಮ್ಮ ಸದಾಶಿವಗಡ, ಅಂಕೋಲೆ ಸೀಮೆಯೂ ಅವನ ಪಾಲಿಗೆ ಬಂತು. 1792ರಲ್ಲಿ ಇಂಗ್ಲಿಷರೆದುರು ಸೋತು ಅರ್ಧ ರಾಜ್ಯ ಕಳಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಆ ಉರಿ ಆರಲೇ ಇಲ್ಲ.

1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಕೆಟ್ಟ ಹಡಗಿನಲ್ಲಿ ಮಂಗಳೂರಿಗೆ ಬಂದ. ಮಾರಿಷಸ್ಸಿನಲ್ಲಿ ಹತ್ತು ಸಾವಿರ ಸೈನಿಕರು ಸಜ್ಜಾಗಿದ್ದಾರೆಂದು ಬೊಗಳೆ ಬಿಟ್ಟ. ಟಿಪ್ಪು ನಂಬಿ, ಗುಟ್ಟಾಗಿ ರಾಯಭಾರಿಗಳನ್ನು ಕಳಿಸಿದ. ಅಲ್ಲಿ ಸೈನ್ಯವೆಲ್ಲಿತ್ತು? ಗವರ್ನರ್ ಮಲಾರ್ಟಿಕ್ 1798ರ ಜನವರಿ 30ರಂದು, ಟಿಪ್ಪುವಿನ ಪರ ಹೋರಾಡುವವರು ಬನ್ನಿ ಅಂತ ಬಹಿರಂಗ ಪ್ರಕಟಣೆಯನ್ನೇ ಹೊರಡಿಸಿಬಿಟ್ಟ. ಮಂಗಳೂರಲ್ಲಿ ಬಂದಿಳಿದವರು ಸುಮಾರು ನೂರು ಜನ! ಗುಟ್ಟೂ ರಟ್ಟಾಯ್ತು, ಸೈನ್ಯವೂ ಬರಲಿಲ್ಲ.

ಪ್ರಕಟಣೆ ಕಲಕತ್ತೆಗೆ ಮುಟ್ಟಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ನೆಪ ಸಿಕ್ಕಿತು. ಕೈರೋದಿಂದ ನೆಪೋಲಿಯನ್ ಬರೆದ ಕಾಗದ ಟಿಪ್ಪುವಿನ ಕೈ ಸೇರಲೇ ಇಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತ ಮಡಿದ. ಅರಮನೆಯಲ್ಲಿ ಸಿಕ್ಕಿತೆಂದು ಇಂಗ್ಲಿಷರು ಅಚ್ಚುಹಾಕಿಸಿದ ಫ್ರೆಂಚ್ ಕ್ಲಬ್ಬಿನ ದಾಖಲೆ ಅಸಲಿಯೋ ನಕಲಿಯೋ, ಇತಿಹಾಸಕಾರರಲ್ಲಿ ಇನ್ನೂ ಚರ್ಚೆಯಿದೆ.

ಟಿಪ್ಪು ನೆರವು ಕೇಳಿದ್ದು ನಿಜ, ದೊಡ್ಡ ಸೈನ್ಯ ಬಂದದ್ದು ಸುಳ್ಳು. ಆ ಸುದ್ದಿಯ ಲಾಭ ಮಾಡಿಕೊಂಡದ್ದು ಮಾತ್ರ ಕಂಪನಿ. ಅದೇ ವರ್ಷ ಕಾರವಾರ, ಅಂಕೋಲೆಗಳೂ ಅದರ ಕೈವಶವಾದವು.