ಮೆಡೋಸ್ ಟೇಲರ್: ಊರಿನ ಜನ, ದಾರಿಯ ಜನ

ಹತ್ತೊಂಬತ್ತನೆಯ ಶತಮಾನದ ಕರ್ನಾಟಕದ ಚರಿತ್ರೆಯಲ್ಲಿ ಫಿಲಿಪ್ ಮೆಡೋಸ್ ಟೇಲರನ ಹೆಸರು ಸುರಪುರದೊಡನೆ ಬೆಸೆದುಕೊಂಡಿದೆ. ಬೇಡರ ಸಂಸ್ಥಾನವನ್ನು ಪ್ರೀತಿಯಿಂದ ನೋಡಿಕೊಂಡ ಅಧಿಕಾರಿ, ಕಾದಂಬರಿಕಾರ, ಶಿಲಾಸಮಾಧಿಗಳ ಶೋಧಕ ಎಂಬ ಚಿತ್ರಗಳು ನಮಗೆ ಪರಿಚಿತ. ಆದರೆ ಅವನ ವೃತ್ತಿಜೀವನದ ಮೊದಲ ಘಟ್ಟ ಪೊಲೀಸಿನದು. ದಾರಿಯನ್ನೇ ಬದುಕಾಗಿಸಿಕೊಂಡ ಅಲೆಮಾರಿ ಸಮುದಾಯಗಳನ್ನು ಪ್ರಭುತ್ವವು ಅಪರಾಧಿಗಳೆಂದು ಗುರುತಿಸಿದ ಬಗೆಯನ್ನು ಅರಿಯಲು ಈ ಎರಡು ಮುಖಗಳನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಟೇಲರ್ 1808ರ ಸೆಪ್ಟೆಂಬರ್ 25ರಂದು ಲಿವರ್‌ಪೂಲಿನಲ್ಲಿ ಹುಟ್ಟಿದನು. ಹದಿನೈದರ ಹರೆಯದಲ್ಲಿ, 1824ರಲ್ಲಿ, ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲು ಮುಂಬಯಿಗೆ ಬಂದನು. ಆ ವ್ಯಾಪಾರದ ಸ್ಥಿತಿ ಹದಗೆಟ್ಟಿತ್ತು. ಅದೇ ವರ್ಷ ಹೈದರಾಬಾದ್ ನಿಜಾಮನ ಸೈನ್ಯದಲ್ಲಿ ಅವನಿಗೆ ಹುದ್ದೆ ದೊರೆಯಿತು. ಕಂಪನಿಯ ನೇರ ನೌಕರನಾಗದೆ ದೇಶೀ ಸಂಸ್ಥಾನವೊಂದರ ಸೇವಕನಾಗಿದ್ದುದು ಅವನ ಬದುಕನ್ನು ರೂಪಿಸಿದ ಸಂಗತಿ. ಜನರ ಭಾಷೆಗಳನ್ನು ಬೇಗ ಕಲಿತ ಕಾರಣ ನಿಜಾಮ ರಾಜ್ಯದ ನೈರುತ್ಯ ಜಿಲ್ಲೆಗಳ ಪೊಲೀಸ್ ಅಧಿಕಾರ ಚಿಕ್ಕ ವಯಸ್ಸಿನಲ್ಲಿಯೇ ಅವನ ಪಾಲಿಗೆ ಬಂತು. 1829ರಲ್ಲಿ ಪಟ್ಟಕ್ಕೆ ಬಂದ ನಾಸಿರುದ್ದೌಲನು ಆಂಗ್ಲ ಅಧಿಕಾರಿಗಳನ್ನು ಸಿವಿಲ್ ಆಡಳಿತದಿಂದ ಹಿಂತೆಗೆಸಿದಾಗ ಟೇಲರ್ ಮತ್ತೆ ಸೈನ್ಯಕ್ಕೆ ಮರಳಿದನು. 1832ರಲ್ಲಿ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರನ ಮಗಳು ಮೇರಿಯನ್ನು ಮದುವೆಯಾದನು.

ಈ ಅವಧಿಯಲ್ಲಿ ಉತ್ತರದಲ್ಲಿ ವಿಲಿಯಂ ಸ್ಲೀಮನ್ ಥಗ್ಗರ ವಿರುದ್ಧ ಕಾರ್ಯಾಚರಣೆ ನಡೆಸಿದ್ದನು. ದಕ್ಷಿಣದಲ್ಲಿ ಟೇಲರನೂ ಮಾಫಿಸಾಕ್ಷಿಗಳ ಹೇಳಿಕೆಗಳನ್ನು ಸಂಗ್ರಹಿಸಿದನು. ಆ ಅನುಭವವೇ 1839ರಲ್ಲಿ ಪ್ರಕಟವಾದ ‘ಕನ್ಫೆಷನ್ಸ್ ಆಫ್ ಎ ಥಗ್’ ಕಾದಂಬರಿಯಾಯಿತು. ನಾಯಕ ಅಮೀರ್ ಅಲಿ ತನ್ನ ಕೊಲೆಗಳನ್ನು ತಾನೇ ನಿರೂಪಿಸುತ್ತಾನೆ. ಆಂಗ್ಲ ಅಧಿಕಾರಿ ಕೇಳುತ್ತಾನೆ. ಸೆರೆಯಲ್ಲಿರುವವನ ಹೇಳಿಕೆಯೇ ಕಾದಂಬರಿಯ ಕಥನ ವಿಧಾನವಾಗಿದೆ. ವ್ಯಾಪಾರಿಯಂತೆ, ಯಾತ್ರಿಕನಂತೆ ಕಾಣುವ ದಾರಿಹೋಕನ ವೇಷದ ಹಿಂದೆ ಕೊಲೆಗಾರ ಅಡಗಿರಬಹುದೆಂಬ ಭೀತಿಯನ್ನು ಅದು ಇಂಗ್ಲೆಂಡಿನ ಓದುಗರಲ್ಲಿ ನೆಲೆಗೊಳಿಸಿತು. ಇದಕ್ಕೆ ಮೊದಲೇ, 1836ರ ಮೂವತ್ತನೆಯ ಕಾಯಿದೆಯು ಥಗ್ಗರ ಗುಂಪಿಗೆ ಸೇರಿದ್ದುದನ್ನೇ ಜೀವಾವಧಿ ಶಿಕ್ಷೆಗೆ ಸಾಕಾದ ಅಪರಾಧವನ್ನಾಗಿ ಮಾಡಿತ್ತು. ನಿರ್ದಿಷ್ಟ ಕೃತ್ಯವನ್ನು ಸಾಬೀತುಪಡಿಸುವ ಅಗತ್ಯ ಅಲ್ಲಿ ಉಳಿಯಲಿಲ್ಲ. ಮಾಡಿದ್ದಕ್ಕಲ್ಲ, ಸೇರಿದ್ದಕ್ಕೆ ಶಿಕ್ಷೆ ಎಂಬ ತತ್ತ್ವ ಕಾನೂನನ್ನು ಹೊಕ್ಕಿತು.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದನು. ರಾಣಿ ಈಶ್ವರಮ್ಮ, ಎಳೆಯ ರಾಜ ವೆಂಕಟಪ್ಪ ನಾಯಕ, ಆಯುಧಧಾರಿಗಳಾದ ಬೇಡರು ಮತ್ತು ಬಾಕಿ ಉಳಿದ ಪೊಗದಿ ಅವನ ಮುಂದಿದ್ದ ಸಮಸ್ಯೆಗಳು. ಹೊರಗಿನವರಿಗೆ ಬೇಡರು ಲೂಟಿಕೋರರಾಗಿ ಕಂಡಿದ್ದರು. ಅವರ ನಡುವೆ ಹನ್ನೆರಡು ವರ್ಷ ಬದುಕಿದ ಟೇಲರನಿಗೆ ಅವರು ಹೆಸರುಳ್ಳ, ಮನೆಯುಳ್ಳ, ಮಾತಿಗೆ ನಿಲ್ಲುವ ಜನರಾಗಿ ಕಂಡರು. ಅವನು ವಾಸಿಸಿದ ಟೇಲರ್ ಮಂಜಿಲ್ ಇಂದಿಗೂ ಅಲ್ಲಿದೆ. 1853ರಲ್ಲಿ ಆಡಳಿತವನ್ನು ರಾಜನಿಗೆ ಒಪ್ಪಿಸಿ ನಳದುರ್ಗಕ್ಕೆ ತೆರಳಿದನು. 1858ರಲ್ಲಿ ವೆಂಕಟಪ್ಪ ನಾಯಕನು ಬಂಡೆದ್ದು ಸೆರೆಸಿಕ್ಕಾಗ ಟೇಲರ್ ಹೈದರಾಬಾದಿಗೆ ಬಂದು ಅವನನ್ನು ಕಂಡನು. ಚೆಂಗಲಪಟ್ಟಿಗೆ ಸಾಗಿಸುವಾಗ ರಾಜನು ಗುಂಡಿನೇಟಿನಿಂದ ಸತ್ತನು. ಟೇಲರನ ಆತ್ಮಕಥೆಯಲ್ಲಿ ಈ ಸಾವಿನ ದುಃಖ ದಟ್ಟವಾಗಿದೆ.

ನೆಲೆನಿಂತ ಬೇಡರಿಗೆ ದೊರೆತ ಈ ಸಮೀಪದ ನೋಟ ಚಲಿಸುವ ಸಮುದಾಯಗಳಿಗೆ ದೊರೆಯಲಿಲ್ಲ. 1860ರಲ್ಲಿ ಸ್ವದೇಶಕ್ಕೆ ಮರಳಿದ ಟೇಲರ್, ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ಕೇ ಸಂಪಾದಿಸಿದ, 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ದ ವಿವರಣೆಗಳನ್ನು ಬರೆದವರಲ್ಲಿ ಒಬ್ಬನು. ಒಂದು ಭಾವಚಿತ್ರ, ಒಂದು ಜಾತಿಯ ಹೆಸರು, ಅದರ ಸ್ವಭಾವದ ವರ್ಣನೆ ಎಂಬುದು ಆ ಗ್ರಂಥದ ಕ್ರಮ. ಇಡೀ ಸಮುದಾಯಕ್ಕೆ ಒಂದೇ ಸ್ವಭಾವವನ್ನು ಹೊರಿಸುವ ಈ ಜ್ಞಾನಕ್ರಮ ಸಂಪುಟಗಳಾಗಿ ಬರುತ್ತಿದ್ದಾಗಲೇ 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಜಾರಿಯಾಯಿತು. ಆ ಕಾಯಿದೆಯನ್ನು ಟೇಲರ್ ರಚಿಸಲಿಲ್ಲ. ಆದರೆ ಅದು ನಿಂತ ನೆಲವನ್ನು ಹದಗೊಳಿಸಿದ ಬರಹಗಳಲ್ಲಿ ಅವನ ಕಾದಂಬರಿಯೂ ಒಂದು. 1875ರಲ್ಲಿ ಸಾಲಾರ್ ಜಂಗನ ಆಹ್ವಾನದ ಮೇರೆಗೆ ಕೊನೆಯ ಬಾರಿ ಹೈದರಾಬಾದಿಗೆ ಬಂದ ಟೇಲರ್, ಹಿಂದಿರುಗುವ ದಾರಿಯಲ್ಲಿ 1876ರ ಮೇ 13ರಂದು ಫ್ರಾನ್ಸಿನ ಮೆಂಟನ್‌ನಲ್ಲಿ ತೀರಿಕೊಂಡನು. ಆತ್ಮಕಥೆ ಮರುವರ್ಷ ಬೆಳಕು ಕಂಡಿತು.

ಅವನ ಮರಣಾನಂತರ ಕರ್ನಾಟಕದ ಅಲೆಮಾರಿಗಳ ಪಾಡು ಇನ್ನಷ್ಟು ಬಿಗಿಯಾಯಿತು. ಬಯಲುಸೀಮೆಯ ಧಾನ್ಯವನ್ನು ಕರಾವಳಿಗೆ, ಕರಾವಳಿಯ ಉಪ್ಪನ್ನು ಬಯಲಿಗೆ ಹೇರೆತ್ತುಗಳ ಮೇಲೆ ಸಾಗಿಸುತ್ತಿದ್ದವರು ಲಂಬಾಣಿಗಳು. ಜೋಯಿಡಾ ಸೀಮೆಯ ಅನಮೋಡದಂತಹ ಗೋವೆಯ ಗಡಿಯ ಘಟ್ಟಗಳು ಇಂಥ ಸಾಗಣೆಯ ದಾರಿಗಳು. 1878ರ ಆಂಗ್ಲ–ಪೋರ್ಚುಗೀಸ್ ಒಪ್ಪಂದವು ಗೋವೆಯ ಉಪ್ಪನ್ನು ಬ್ರಿಟಿಷರ ಹತೋಟಿಗೆ ತಂದಿತು. ಬಳಿಕ ಕ್ಯಾಸಲ್‌ರಾಕ್ ಮಾರ್ಗವಾಗಿ ಬಂದ ರೈಲು ಹೇರೆತ್ತಿನ ವ್ಯಾಪಾರವನ್ನು ಮುರಿಯಿತು. ಕಸುಬು ಹೋದ ಮೇಲೂ ಚಲನೆ ಉಳಿದವರು ಸಂಶಯಕ್ಕೆ ಗುರಿಯಾದರು. 1911ರಲ್ಲಿ ಕಾಯಿದೆ ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಘಂಟಿಚೋರ, ಹರಣಶಿಕಾರಿ, ಛಪ್ಪರಬಂದ ಮುಂತಾದವರಿಗೆ ನೋಂದಣಿ, ಹಾಜರಿ, ಪಾಸುಗಳ ಕಟ್ಟುಪಾಡು ಬಂತು. ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಸೆಟ್ಲಮೆಂಟುಗಳು ಎದ್ದವು. 1952ರಲ್ಲಿ ದೇಶದಾದ್ಯಂತ ಕಾಯಿದೆ ರದ್ದಾದರೂ, ರೂಢಿಗತ ಅಪರಾಧಿಗಳ ಕಾಯಿದೆಗಳ ಮೂಲಕ ನಿಗಾ ಮುಂದುವರಿಯಿತು. ಸೆಟ್ಲಮೆಂಟ್ ಎಂಬ ಹೆಸರು ಬಡಾವಣೆಗಳಿಗೂ ಅಲ್ಲಿನ ನಿವಾಸಿಗಳಿಗೂ ಅಂಟಿಕೊಂಡಿತು.

ಟೇಲರನನ್ನು ಉದಾರಿ ಅಧಿಕಾರಿಯೆಂದು ಕೊಂಡಾಡುವುದಾಗಲಿ ವಸಾಹತುಶಾಹಿಯ ಕೈಗೊಂಬೆಯೆಂದು ತಳ್ಳಿಹಾಕುವುದಾಗಲಿ ಅವನ ಬದುಕಿಗೆ ನ್ಯಾಯ ಒದಗಿಸುವುದಿಲ್ಲ. ಬೇಡರ ವಿಷಯದಲ್ಲಿ ಅವನ ಪೂರ್ವಗ್ರಹವನ್ನು ಕರಗಿಸಿದ್ದು ಹನ್ನೆರಡು ವರ್ಷಗಳ ನೆರೆಹೊರೆ. ದಾರಿಯ ಜನರನ್ನು ಅವನು ಬಲ್ಲದ್ದು ಮುಖ್ಯವಾಗಿ ಕೈದಿಯ ಹೇಳಿಕೆಯಿಂದ. ಪ್ರಭುತ್ವದ ದಫ್ತರಗಳಲ್ಲಿ ಉಳಿದದ್ದು ಈ ಎರಡನೆಯ ಬಗೆಯ ಅರಿವು. ಅಲೆಮಾರಿ ಸಮುದಾಯಗಳ ಅಧ್ಯಯನಕ್ಕೆ ತೊಡಗುವವರು ಆ ದಫ್ತರಗಳನ್ನು ಆಕರವಾಗಿ ಬಳಸುವಾಗ, ಅವು ಯಾರ ಎದುರು, ಯಾವ ಸ್ಥಿತಿಯಲ್ಲಿ ಹೇಳಿಸಿದ ಮಾತುಗಳೆಂಬುದನ್ನು ಮೊದಲು ಪರಿಶೀಲಿಸಬೇಕಾಗುತ್ತದೆ.