ಸೋತು ದಾರಿ ತೆರೆದವರು: ಕಮಲಾದೇವಿ ಚಟ್ಟೋಪಾಧ್ಯಾಯ

ಕಮಲಾದೇವಿ ಚಟ್ಟೋಪಾಧ್ಯಾಯರೆಂದೊಡನೆ ನಮ್ಮ ನೆನಪಿಗೆ ಬರುವುದು ಕೈಮಗ್ಗದ ಸೀರೆ, ಕರಕುಶಲ ವಸ್ತುಗಳು ಮತ್ತು ರಂಗಭೂಮಿ. ಈ ಕ್ಷೇತ್ರಗಳಲ್ಲಿ ಅವರು ಮಾಡಿದ ಸೇವೆ ಅಷ್ಟು ದೊಡ್ಡದು. ಆದರೆ ಶಾಸನಸಭೆಯ ಚುನಾವಣೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆಯರ ಸಾಲಿನಲ್ಲಿ ಮಂಗಳೂರಿನ ಈ ಮಗಳ ಹೆಸರಿದೆ ಎಂಬ ಸಂಗತಿಯನ್ನು ನಾವು ಅಷ್ಟಾಗಿ ಸ್ಮರಿಸುವುದಿಲ್ಲ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಮನೆತನವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಅಧಿಕಾರಿ. ತಾಯಿ ಗಿರಿಜಾಬಾಯಿ ಓದಿನಲ್ಲಿ ಆಸಕ್ತಿಯುಳ್ಳ, ಸ್ವಾಭಿಮಾನಿಯಾದ ಹೆಣ್ಣುಮಗಳು. ಕಮಲಾದೇವಿ ಇನ್ನೂ ಬಾಲಕಿಯಾಗಿದ್ದಾಗಲೇ ತಂದೆ ಉಯಿಲು ಬರೆಯದೆ ತೀರಿಕೊಂಡರು. ಆಸ್ತಿಯೆಲ್ಲವೂ ಅವರ ಮೊದಲ ಪತ್ನಿಯ ಮಗನ ಪಾಲಾಯಿತು. ಕಾನೂನು ಹೆಣ್ಣನ್ನು ಹೇಗೆ ಕಾಣುತ್ತದೆ ಎಂಬುದನ್ನು ಆ ಬಾಲಕಿ ತನ್ನ ಮನೆಯಲ್ಲೇ ಕಂಡಳು. ಕಾನೂನು ಮಾಡುವ ಸಭೆಯ ಬಾಗಿಲನ್ನು ಮುಂದೆ ಅವರು ತಟ್ಟಿದ್ದರ ಹಿಂದೆ ಈ ಅನುಭವವೂ ಇದ್ದಿರಬೇಕೆಂದು ನಾವು ಭಾವಿಸುತ್ತೇವೆ.

ಎಳೆಯ ವಯಸ್ಸಿನಲ್ಲೇ ವಿವಾಹವಾಗಿ, ಸ್ವಲ್ಪ ಕಾಲದಲ್ಲೇ ವೈಧವ್ಯವೂ ಒದಗಿತು. ಆದರೂ ಓದು ನಿಲ್ಲಲಿಲ್ಲ. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ವಿದ್ಯಾರ್ಥಿನಿಯಾಗಿದ್ದ ದಿನಗಳಲ್ಲಿ ಹೈದರಾಬಾದಿನ ಚಟ್ಟೋಪಾಧ್ಯಾಯ ಕುಟುಂಬದ ಪರಿಚಯವಾಯಿತು. ಸರೋಜಿನಿ ನಾಯ್ಡು ಅವರ ಸೋದರ, ಕವಿ ಹರೀಂದ್ರನಾಥರನ್ನು ವರಿಸಿದರು. ವಿಧವಾ ವಿವಾಹವನ್ನು ಒಪ್ಪದ ಸಮಾಜದ ಟೀಕೆಗೆ ಅವರು ಅಂಜಲಿಲ್ಲ.

ಆಗ ಮಂಗಳೂರು ಮದರಾಸು ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಮಹಿಳೆಯರಿಗೆ 1921ರಲ್ಲೇ ಮತದಾನದ ಹಕ್ಕು ದೊರೆತಿತ್ತು. ಆದರೆ ಆಸ್ತಿಯ ಅರ್ಹತೆ ಕಡ್ಡಾಯವಾಗಿದ್ದುದರಿಂದ ಸ್ವಂತ ಆಸ್ತಿಯಿಲ್ಲದ ಬಹುಪಾಲು ಸ್ತ್ರೀಯರಿಗೆ ಮತಪಟ್ಟಿಯಲ್ಲಿ ಸ್ಥಾನವಿರಲಿಲ್ಲ. ಚುನಾವಣೆಗೆ ನಿಲ್ಲುವ ಹಕ್ಕು ಬಂದದ್ದು 1926ರಲ್ಲಿ. ಹಕ್ಕೇನೋ ಬಂದಿತು, ನಿಲ್ಲುವವರು ಯಾರು? 1917ರಲ್ಲಿ ಮದರಾಸಿನಲ್ಲಿ ಸ್ಥಾಪನೆಗೊಂಡಿದ್ದ ಭಾರತೀಯ ಮಹಿಳಾ ಸಂಘದ ಸ್ಥಾಪಕರಲ್ಲೊಬ್ಬರಾದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಅವರು ಕಮಲಾದೇವಿಯವರನ್ನು ಒತ್ತಾಯಿಸಿ ಕಣಕ್ಕಿಳಿಸಿದರು. ಪ್ರಚಾರಕ್ಕೆ ದೊರೆತ ಕಾಲ ಅತ್ಯಲ್ಪ, ಪಕ್ಷದ ಬೆಂಬಲವೂ ಇಲ್ಲ. ಸ್ವತಂತ್ರ ಅಭ್ಯರ್ಥಿಯಾಗಿ ನಿಂತು ಕೆಲವೇ ಮತಗಳ ಅಂತರದಿಂದ ಅವರು ಸೋತರು.

ಈ ಸೋಲು ವ್ಯರ್ಥವಾಗಲಿಲ್ಲ. ಹೆಣ್ಣೊಬ್ಬಳು ಮತ ಕೇಳಬಲ್ಲಳು, ಗಂಡಸರೇ ಹೆಚ್ಚಾಗಿದ್ದ ಮತದಾರರು ಆಕೆಗೆ ಮತ ಕೊಡಬಲ್ಲರು ಎಂಬುದು ಸಿದ್ಧವಾಯಿತು. ನಾಮನಿರ್ದೇಶನದ ಮೂಲಕ ಅದೇ ಮದರಾಸು ಶಾಸನಸಭೆಯನ್ನು ಪ್ರವೇಶಿಸಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1927ರಲ್ಲಿ ಅದರ ಉಪಾಧ್ಯಕ್ಷೆಯಾದರು. ಕಮಲಾದೇವಿಯವರು 1927ರಲ್ಲಿ ಪುಣೆಯಲ್ಲಿ ಮೊದಲ ಅಧಿವೇಶನ ನಡೆಸಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಕಾರ್ಯದರ್ಶಿಯಾಗಿ ಅದನ್ನು ಕಟ್ಟಿ ಬೆಳೆಸಿದರು.

1930ರಲ್ಲಿ ದಂಡಿಯಾತ್ರೆಯ ತಂಡಕ್ಕೆ ಗಾಂಧೀಜಿ ಮಹಿಳೆಯರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿಯವರು ಅವರನ್ನು ಕಂಡು, ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶವಿರಬೇಕೆಂದು ವಾದಿಸಿ ಒಪ್ಪಿಸಿದರು. ಮುಂಬಯಿಯಲ್ಲಿ ಉಪ್ಪಿನ ಕಾನೂನು ಮುರಿದು, ಬೀದಿಯಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷ ಸ್ಥಾನವನ್ನೂ ವಹಿಸಿದರು. ಸ್ವಾತಂತ್ರ್ಯಾನಂತರ ದೆಹಲಿಯನ್ನು ಕೇಂದ್ರವಾಗಿಸಿಕೊಂಡು ಸಹಕಾರ ಚಳವಳಿ ಹಾಗೂ ಕರಕುಶಲ ಕಲೆಗಳ ಪುನರುಜ್ಜೀವನಕ್ಕೆ ಬದುಕನ್ನು ಮುಡಿಪಾಗಿಟ್ಟರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದವು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು.

ಕಮಲಾದೇವಿಯವರು ಕಣಕ್ಕಿಳಿದು ಸುಮಾರು ಒಂದು ಶತಮಾನ ಕಳೆದ ಮೇಲೆ, 2024ರ ಲೋಕಸಭಾ ಚುನಾವಣೆಯಲ್ಲಿ 543 ಸ್ಥಾನಗಳ ಪೈಕಿ ಗೆದ್ದ ಮಹಿಳೆಯರು 74 ಮಂದಿ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗದ ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಡುವ ಸಂವಿಧಾನ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಕಾನೂನು ಅವಕಾಶವನ್ನು ಕೊಡಬಹುದು. ನಿಲ್ಲಿರೆಂದು ಕೇಳುವವರೂ, ನಿಂತಾಗ ಮನೆಮನೆಗೆ ಜೊತೆಯಲ್ಲಿ ನಡೆಯುವವರೂ ಬೇಕು. ಕಮಲಾದೇವಿಯವರಿಗೆ ಅಂಥ ಒತ್ತಾಸೆ ಸಿಕ್ಕಿತ್ತು.

ನಮ್ಮ ಹೊರನಾಡಿನ ಸಂಘಗಳಲ್ಲಿಯೂ ಸ್ತ್ರೀಯರ ದುಡಿಮೆಗೆ ಕೊರತೆಯಿಲ್ಲ. ರಾಜ್ಯೋತ್ಸವದ ವೇದಿಕೆ ಅಲಂಕಾರದಿಂದ ಊಟದ ವ್ಯವಸ್ಥೆಯವರೆಗೆ ಅವರು ಮುಂದಿರುತ್ತಾರೆ. ಮುಂದಿನ ಚುನಾವಣೆಯಲ್ಲಿ, ಅದು ಸಂಘದ್ದಾಗಲಿ, ವಸತಿ ಸಂಕೀರ್ಣದ್ದಾಗಲಿ, ನಗರಪಾಲಿಕೆಯದಾಗಲಿ, ಯೋಗ್ಯರಾದ ಸೋದರಿಯೊಬ್ಬರಿಗೆ ನೀವೇ ನಿಲ್ಲಿ, ನಾವು ಜೊತೆಗಿದ್ದೇವೆ ಎಂದು ಹೇಳೋಣ. ಮಂಗಳೂರಿನ ಆ ಮಹನೀಯೆಗೆ ನಾವು ಸಲ್ಲಿಸಬಹುದಾದ ಗೌರವ ಇದೇ.