ಕ್ಷ-ಕಿರಣದ ರಾಂಟ್ಜನ್

ಹರಪನಹಳ್ಳಿ ತಾಲ್ಲೂಕಿನ ನಮ್ಮ ಬಾಗಳಿಯಂಥ ಊರುಗಳಲ್ಲಿ ಮೂಗು ಕಟ್ಟಿದ ಹುಡುಗನನ್ನು ಕಂಡರೆ ನೆಗಡಿಯೆಂದು ಸುಮ್ಮನಾಗುವುದು ವಾಡಿಕೆ. ತಿಂಗಳುಗಟ್ಟಲೆ ಬಾಯಿಂದಲೇ ಉಸಿರಾಡುತ್ತ ಪಾಠ ಕೇಳುವ ಮಕ್ಕಳನ್ನು ಉಪಾಧ್ಯಾಯನಾದ ನಾನು ತರಗತಿಯಲ್ಲಿ ಕಂಡಿದ್ದೇನೆ. ಅಂಥವರಲ್ಲಿ ಕೆಲವರ ಮೂಗಿನಲ್ಲಿ ದುರ್ಮಾಂಸ ಬೆಳೆದಿರುತ್ತದೆ. ಅದು ಎಲ್ಲಿ ಹುಟ್ಟಿತು, ಎಲ್ಲಿಯವರೆಗೆ ಚಾಚಿತು ಎಂಬುದನ್ನು ಇಂದು ಕತ್ತಿ ಮುಟ್ಟಿಸುವ ಮೊದಲೇ ನೋಡಬಹುದು. ಈ ನೋಟವನ್ನು ಲೋಕಕ್ಕಿತ್ತ ವಿಲ್ಹೆಲ್ಮ್ ಕಾನ್ರಾಡ್ ರಾಂಟ್ಜನ್ನನ ಜೀವನವನ್ನು ನಮ್ಮ ವಿದ್ಯಾರ್ಥಿಗಳು ಅರಿಯಬೇಕೆಂದು ನನ್ನ ಆಶೆ.

ರಾಂಟ್ಜನ್ 1845ರ ಮಾರ್ಚ್ 27ರಂದು ಜರ್ಮನಿಯ ಲೆನ್ನೆಪ್ ಎಂಬಲ್ಲಿ ಬಟ್ಟೆ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ. ಬಾಲ್ಯ ಕಳೆದುದು ಹಾಲೆಂಡಿನಲ್ಲಿ. ಉಟ್ರೆಕ್ಟ್ ನಗರದ ಶಾಲೆಯಲ್ಲಿ ಸಹಪಾಠಿಯೊಬ್ಬ ಉಪಾಧ್ಯಾಯರ ವಿಕಟಚಿತ್ರ ಬರೆದ. ಬರೆದವನ ಹೆಸರನ್ನು ಹೇಳಲೊಪ್ಪದ ರಾಂಟ್ಜನ್ ಶಾಲೆಯಿಂದಲೇ ಹೊರಬೀಳಬೇಕಾಯಿತು. ಶಾಲೆಯ ಪ್ರಮಾಣಪತ್ರವಿಲ್ಲದಿದ್ದರೂ ಪ್ರವೇಶಪರೀಕ್ಷೆಯ ಬಲದಿಂದ 1865ರಲ್ಲಿ ಜ್ಯೂರಿಕ್ಕಿನ ಪಾಲಿಟೆಕ್ನಿಕ್ ಸೇರಿ, 1869ರಲ್ಲಿ ಡಾಕ್ಟರೇಟ್ ಪಡೆದ. ಆ ಹಳೆಯ ಕೊರತೆಯನ್ನೇ ಮುಂದಿಟ್ಟು ಒಮ್ಮೆ ಅಧ್ಯಾಪನದ ಅಧಿಕಾರವನ್ನು ನಿರಾಕರಿಸಿದ್ದ ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯವು 1888ರಲ್ಲಿ ಆತನನ್ನು ಪ್ರಾಧ್ಯಾಪಕನಾಗಿ ಬರಮಾಡಿಕೊಂಡಿತು.

1895ರ ನವೆಂಬರ್ 8. ಕತ್ತಲೆಮಾಡಿದ ಪ್ರಯೋಗಶಾಲೆಯಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ವಿದ್ಯುತ್ತನ್ನು ಹಾಯಿಸುತ್ತಿದ್ದಾಗ, ಕೊಳವೆಗೆ ಕಪ್ಪು ರಟ್ಟು ಹೊದಿಸಿದ್ದರೂ, ದೂರದಲ್ಲಿದ್ದ ರಾಸಾಯನಿಕ ಲೇಪದ ಪರದೆ ಮಿನುಗಿತು. ಐವತ್ತರ ಪ್ರಾಯದ ವಿಜ್ಞಾನಿ ಏಳು ವಾರಗಳ ಕಾಲ ಏಕಾಂತದಲ್ಲಿ ಅದರ ಬೆನ್ನುಹತ್ತಿದ. ಡಿಸೆಂಬರ್ 22ರಂದು ಪತ್ನಿ ಬರ್ತಾಳ ಕೈಯ ಎಲುಬುಗಳೂ ಬೆರಳಿನ ಉಂಗುರವೂ ಫಲಕದ ಮೇಲೆ ಮೂಡಿದುವು. ಸ್ವರೂಪ ತಿಳಿಯದ ಆ ಕಿರಣಕ್ಕೆ ಗಣಿತದ ಅಜ್ಞಾತಚಿಹ್ನೆಯನ್ನೇ ಹೆಸರಾಗಿಟ್ಟ. ನಾವದನ್ನು ಕ್ಷ-ಕಿರಣವೆಂದೆವು.

ಮೂಗಿನ ಸುತ್ತಲ ಎಲುಬುಗಳಲ್ಲಿ ಗಾಳಿ ತುಂಬಿದ ಪೊಟರೆಗಳಿವೆ. ಗಾಳಿ ಕಿರಣವನ್ನು ಬಿಟ್ಟುಕೊಡುವುದರಿಂದ ಆ ಭಾಗ ಚಿತ್ರದಲ್ಲಿ ಕಪ್ಪಾಗುತ್ತದೆ. ಎಲುಬು ತಡೆಯುವುದರಿಂದ ಬೆಳ್ಳಗಾಗುತ್ತದೆ. ದುರ್ಮಾಂಸ ತುಂಬಿದ ಪೊಟರೆ ಮಂಜು ಕವಿದಂತೆ ತೋರುತ್ತದೆ. ಆದರೆ ಕೀವು ತುಂಬಿದರೂ ಒಳಪೊರೆ ಊದಿಕೊಂಡರೂ ಮಂಜು ಅದೇ. ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದುದು, ಇಂಗ್ಲೆಂಡಿನ ಹೌನ್ಸ್‌ಫೀಲ್ಡನ ಶ್ರಮದಿಂದ 1971ರಲ್ಲಿ ಬಳಕೆಗೆ ಬಂದ ಸಿ.ಟಿ. ಸ್ಕ್ಯಾನ್. ಅದೂ ಕ್ಷ-ಕಿರಣದ ಕೂಸೇ. ತಲೆಯನ್ನು ಪದರ ಪದರವಾಗಿ ತೋರಿಸುವ ಆ ಚಿತ್ರದಲ್ಲಿ, ಕೆನ್ನೆಯ ಪೊಟರೆಯಲ್ಲಿ ಹುಟ್ಟಿ ಮೂಗಿನ ಹಿಂಬದಿಗೆ ಇಳಿಬಿದ್ದ ಗಡ್ಡೆಯ ದಾರಿ ಸ್ಪಷ್ಟವಾಗಿ ಕಾಣುತ್ತದೆ.

ಇದು ಕುತೂಹಲದ ಮಾತಷ್ಟೇ ಅಲ್ಲ. ಹರೆಯಕ್ಕೆ ಬರುತ್ತಿರುವ ಹುಡುಗರ ಮೂಗಿನ ಹಿಂಭಾಗದಲ್ಲಿ ಅಪರೂಪವಾಗಿ ರಕ್ತನಾಳಗಳಿಂದಲೇ ತುಂಬಿದ ಗಡ್ಡೆಯೊಂದು ಬೆಳೆಯುತ್ತದೆ. ಅದು ಕ್ಯಾನ್ಸರ್ ಅಲ್ಲ. ಆದರೂ ಸಾಮಾನ್ಯ ದುರ್ಮಾಂಸವೆಂದು ಬಗೆದು ಪರೀಕ್ಷೆಗಾಗಿ ತುಣುಕು ಕಿತ್ತರೆ ರಕ್ತ ಕೋಡಿ ಹರಿದು ಪ್ರಾಣಕ್ಕೆ ಎರವಾಗಬಹುದು. ಮೂಗು ಒಂದೇ ಕಡೆ ಕಟ್ಟಿಕೊಂಡು, ಮೇಲಿಂದ ಮೇಲೆ ರಕ್ತ ಬರುತ್ತಿದ್ದರೆ ಮೊದಲು ಬೇಕಾದುದು ಚಿತ್ರ, ಆಮೇಲೆ ಕತ್ತಿ. ಮಿಕ್ಕ ಗಡ್ಡೆಗಳಲ್ಲಿಯೂ ಚಿತ್ರ ದಾರಿ ತೋರುತ್ತದೆ; ಕೊನೆಯ ತೀರ್ಪು ಮಾತ್ರ ಸೂಕ್ಷ್ಮದರ್ಶಕದ ಕೆಳಗೆ.

ರಾಂಟ್ಜನ್ ತನ್ನ ಶೋಧಕ್ಕೆ ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊತ್ತಮೊದಲ ನೊಬೆಲ್ ಬಹುಮಾನ ಬಂದಾಗ ಹಣವನ್ನು ವ್ಯೂರ್ಟ್ಸ್‌ಬರ್ಗ್ ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟ. 1919ರಲ್ಲಿ ಪತ್ನಿ ತೀರಿಕೊಂಡಳು. ಯುದ್ಧಾನಂತರದ ಹಣದುಬ್ಬರದಲ್ಲಿ ಉಳಿತಾಯವೂ ಕರಗಿತು. 1923ರ ಫೆಬ್ರವರಿ 10ರಂದು ಮ್ಯೂನಿಕ್ಕಿನಲ್ಲಿ ಕರುಳಿನ ಕ್ಯಾನ್ಸರಿನಿಂದ ಆತ ಕಣ್ಮುಚ್ಚಿದ.

ಗೆಳೆಯನ ಹೆಸರನ್ನು ಬಿಟ್ಟುಕೊಡದ ಹುಡುಗ, ಮುಂದೆ ತನ್ನ ಪಾಲಿನ ಸಂಪತ್ತನ್ನು ಲೋಕಕ್ಕೆ ಬಿಟ್ಟುಕೊಟ್ಟ. ಯಾರೂ ಬೇಲಿ ಹಾಕದ ಆ ಬೆಳಕು ಹಳ್ಳಿಯ ಮಕ್ಕಳಿಗೂ ಸಲ್ಲಬೇಕು. ಅವರನ್ನು ಹೊತ್ತು ಮೀರುವ ಮುನ್ನ ವೈದ್ಯರ ಬಳಿಗೆ ಕಳುಹಿಸುವ ಹೊಣೆ ತಾಯಿತಂದೆಗಳದೂ ನಮ್ಮಂಥ ಉಪಾಧ್ಯಾಯರದೂ ಆಗಿದೆ.